ಆರಂಭ ಶಿಲ್ಕು

ಗುರುವಾರ ಐದೂಮುಕ್ಕಾಲಿಗೆ ಬೀಗ ತೆಗೆಯುವುದು ನನ್ನ ಪಾಲು.
ಶ್ರೀರಾಮಪುರ, ಹಿಟ್ಟಿನ ಗಿರಣಿಯ ಮೇಲಿನ ಮಹಡಿ.
ಕೆಳಗೆ ರಾಗಿ ಬೀಳುತ್ತಿದ್ದರೆ ಮೇಲೆ ನೆಲ ಜುಮ್ಮೆನ್ನುತ್ತದೆ;
ಮಾತಾಡಲು ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ:
ಹೆದರಬೇಡಿ, ಆರೂವರೆಗೆ ನಿಲ್ಲುತ್ತೆ.

ಇಪ್ಪತ್ತೆರಡು ಕುರ್ಚಿ. ಒಂದಕ್ಕೆ ಕಾಲು ಗಿಡ್ಡ,
ಅದರಲ್ಲಿ ನಾನೇ ಕೂರುತ್ತೇನೆ.
ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಇವತ್ತಿನ ವಿಷಯ:
‘ನಮ್ಮ ಕಾಲ ಕೆಳಗಿನ ಬಂಡೆ.’
ದಿನಮಾನದ ಕಾಲವೋ, ನಡೆಯುವ ಕಾಲೋ ಎಂದು
ಚಪ್ಪಲಿ ಬಿಡುವ ಮೊದಲೇ ಚರ್ಚೆ ತೆಗೆದರು ಮರಿಬಸಪ್ಪ,
ಮಿಲ್ಲಿನಲ್ಲಿ ನೇಯ್ದವರು, ಎಳೆ ಬಿಡಿಸದೆ ಒಳಗೆ ಬರುವವರಲ್ಲ.
ಎರಡೂ ಸರಿ, ಬನ್ನಿ ಎಂದೆ.

ಫಿಲೋಮಿನಾ ಸಿಸ್ಟರ್ ಬಂದರು.
ರಾತ್ರಿಪಾಳಿ ಬಿಟ್ಟು ಒಂಬತ್ತು ವರ್ಷ;
ಹೊತ್ತು ಮುಳುಗಿದರೆ ಈಗಲೂ ಅವರಿಗೆ ಎಚ್ಚರ.
ಜಬೀನ್ ಬಂದಳು, ಬೆರಳಲ್ಲಿ ಜರಿಯ ಹೊಳಪು.
ನೋಟುಬುಕ್ಕಿನ ಮೊದಲ ಪುಟ ಖಾಲಿ ಬಿಟ್ಟಿದ್ದಾಳೆ,
ಕೈಬರಹ ಸುಧಾರಿಸಿದ ಮೇಲೆ ಬರೆಯುತ್ತಾಳಂತೆ.

ಒಟ್ಟು ಹನ್ನೊಂದು ಜನ. ಕಡಿಮೆಯೇನಲ್ಲ.
ಸೊನ್ನೆಯ ಬಗ್ಗೆ ಮಾತಿದ್ದ ದಿನ ಬಂದವರು ಮೂರೇ.

ಇವತ್ತಿನವಳು ಹುಡುಗಿ, ಕಲ್ಲು ಓದಿದವಳು.
ಏಳು ಚೂರುಗಳನ್ನು ಕೊಬ್ಬರಿ ಮಿಠಾಯಿಯ ಹಾಗೆ
ಪೇಪರಿನಲ್ಲಿ ಸುತ್ತಿ ತಂದಿದ್ದಳು.
ಲಾಲ್‌ಬಾಗಿನ ಬಂಡೆಗೆ ಮುನ್ನೂರು ಕೋಟಿ ವರ್ಷ ಎಂದಳು.
ಖಜಾನೆಯ ಕೈ ನನ್ನದು, ಮಡಿಲಲ್ಲೇ ಸೊನ್ನೆ ಎಣಿಸಿದೆ:
ಒಂಬತ್ತು.

ಚೂರು ಕೈಯಿಂದ ಕೈಗೆ ಹೋಯಿತು.
ಓಬಳಮ್ಮ ಅದನ್ನು ಕಿವಿಯ ಹತ್ತಿರ ಹಿಡಿದು ಉಗುರಲ್ಲಿ ತಟ್ಟಿದಳು.
ಮಿಕ್ಸಿ ಬರುವ ತನಕ ಬೀದಿಬೀದಿ ಕೂಗಿ
ಒರಳುಕಲ್ಲಿಗೆ ಕಚ್ಚು ಹಾಕುತ್ತಿದ್ದವಳು.
ಮೂರು ವರ್ಷದ ಕೆಳಗೆ, ಹಿಟ್ಟಾಗುವ ತನಕ ಕೂರೋಣವೆಂದು
ಮೆಟ್ಟಿಲು ಹತ್ತಿದ್ದು; ಆಮೇಲೆ
ಹಿಟ್ಟಿಲ್ಲದ ಗುರುವಾರವೂ ಹತ್ತಿದಳು.

‘ಬಂಡೆ ಸೀಳಿದ್ರೆ ಒಂದೊಂದ್ಸಲ ಒಳಗೆ ಒದ್ದೆ ಇರ್ತದೆ ಕಣಮ್ಮ.
ಮಳೆ ಹೋಗೋಕೆ ಸಂದಿಲ್ಲ, ಬಿರುಕಿಲ್ಲ.
ಆ ನೀರು ಯಾವಾಗಿಂದು?’

ಹುಡುಗಿ ಬಾಯಿ ತೆರೆದಳು, ಮುಚ್ಚಿದಳು.
ಹಲಗೆ ನೋಡಿದಳು, ಅಲ್ಲಿ ಅವಳದೇ ಸೊನ್ನೆಗಳು.
‘ಗೊತ್ತಿಲ್ಲ’ ಎಂದಳು. ‘ನೋಡಿ ಬಂದು ಹೇಳ್ತೀನಿ.’
ಆರೂವರೆ ದಾಟಿತ್ತು. ಗಿರಣಿ ಮಾತ್ರ ನಿಂತಿರಲಿಲ್ಲ.

ಮೂವತ್ತಾರು ವರ್ಷ ಬಾಕಿ ಕಂಡಲ್ಲಿ
ಕೆಂಪು ಶಾಯಿ ಎಳೆದವಳು ನಾನು.
ನಾಲ್ಕಾಣೆ ತಾಳೆಯಾಗದೆ ಕೊನೆಯ ಬಸ್ಸು ತಪ್ಪಿಸಿಕೊಂಡವಳು.
ಇಲ್ಲೂ ಒಂದು ರಿಜಿಸ್ಟರು ಇಟ್ಟಿದ್ದೇನೆ:
ತಾರೀಖು, ವಿಷಯ, ಉತ್ತರ ಸಿಗದ್ದು.
ನಿದ್ದೆಯಲ್ಲಿ ಕಣ್ಣು ಮುಚ್ಚುತ್ತೆ, ಕಿವಿ ಯಾಕಿಲ್ಲ? (ಫಿಲೋಮಿನಾ)
ಗಂಟಿಗೆ ಮೊದಲು ಹಗ್ಗವೋ, ಗಂಟು ಹಾಕುವ ಆಸೆಯೋ? (ಮರಿಬಸಪ್ಪ)
ಅಕ್ಷರ ಹುಟ್ಟುವ ಮುಂಚೆ ಸಾಲ ಕೊಟ್ಟವರು
ನೆನಪಿಟ್ಟುಕೊಂಡದ್ದು ಹೇಗೆ? (ನಾನೇ)
ಅದರ ಕೆಳಗೆ ಬರೆದೆ: ಕಲ್ಲೊಳಗಿನ ನೀರು. ಓಬಳಮ್ಮ.

ಇಲ್ಲಿ ಅಖೈರು ಎಂದು ಗೆರೆ ಎಳೆಯುವುದಿಲ್ಲ.
ಪುಟ ತುಂಬಿದರೆ ಅಷ್ಟನ್ನೂ ಎತ್ತಿ
ಮುಂದಿನ ಪುಟದ ನೆತ್ತಿಗೆ ಬರೆಯುತ್ತೇನೆ:
ಆರಂಭ ಶಿಲ್ಕು.

ವಾಪಸು ಬಂದ ಚೂರು ಆರು.
ಹುಡುಗಿ ಎಣಿಸಿ, ನಕ್ಕು, ಇರಲಿ ಬಿಡಿ ಎಂದಳು.
ಮರಿಬಸಪ್ಪ ಜೇಬಿನಿಂದ ಕೈ ತೆಗೆಯಲಿಲ್ಲ.
ಅದನ್ನೂ ಬರೆದುಕೊಂಡೆ, ಹೆಸರಿಲ್ಲದೆ.

ಬೀಗ ಹಾಕಿ ಇಳಿದರೆ ಗಿರಣಿಯ ಬಾಗಿಲಲ್ಲಿ ಬೆಳಕು.
ಬಿಚ್ಚಿಟ್ಟ ಹಳೆಯ ಬೀಸುಕಲ್ಲಿನ ಮುಂದೆ
ಹುಡುಗಿ, ಓಬಳಮ್ಮ, ಇಬ್ಬರೂ ಕುಕ್ಕರುಗಾಲಲ್ಲಿ;
ಹಿಟ್ಟು ಕೂತು ಎರಡು ತಲೆಗೂ ಒಂದೇ ಬಣ್ಣ.
ಯಾರು ಯಾರಿಗೆ ಹೇಳುತ್ತಿದ್ದರೋ
ಆ ಗದ್ದಲದಲ್ಲಿ ಕೇಳಿಸಲಿಲ್ಲ.

ಬೀಗದಕೈ ಹಿಡಿದು ಪಕ್ಕದಲ್ಲೇ ನಿಂತೆ.
ನನ್ನ ಹಿಟ್ಟೂ ಆಗಬೇಕಿತ್ತು.