ಕಳಲೆಗೆ ಮೂರು ನೀರು

ಆಟೋದ ಮುಂಗಾಜಿಗೆ ಅಂಟಿಸಿದ್ದೆ ಒಂದು ರಟ್ಟು:
ಬೇಲೂರಿಗೆ ಇಷ್ಟು, ಹಳೇಬೀಡು ಸೇರಿದರೆ ಇಷ್ಟು,
ಮಂಜರಾಬಾದಿನ ಕೋಟೆ ಮಳೆಗಾಲದಲ್ಲಿ ಇಲ್ಲ.
ಕಟ್ಟಿನಕೆರೆ ಮಾರ್ಕೆಟ್ಟು ಆ ರಟ್ಟಿನಲ್ಲಿರಲಿಲ್ಲ.
ಬದನೆಕಾಯಿ ನೋಡಲು ಯಾರು ಬರುತ್ತಾರೆ ಅಷ್ಟು ದೂರದಿಂದ?

ಆಕೆ ಬಂದದ್ದು ಸೆಮರಾಂಗಿನಿಂದ, ಜಾವಾ ಸೀಮೆ.
ಕಾರೇಕೆರೆ ಕಾಲೇಜಿನಲ್ಲಿ ಹತ್ತು ದಿನ
ಆಲೂಗಡ್ಡೆಯ ಅಂಗಮಾರಿಯ ಪಾಠ.
ತಲೆಗೆ ಬೂದುಬಣ್ಣದ ವಸ್ತ್ರ, ಕಾಲಿಗೆ ಗದ್ದೆಗಿಳಿಯುವ ಬೂಟು.
ಹೆಸರು ಕೇಳಿದೆ. ವಿದ್ಯಾವತಿ ಅಂದಳು.
ನನ್ನ ಸೋದರತ್ತೆಯ ಹೆಸರೂ ಅದೇ.
ಗಾಡಿ ನಿಧಾನ ಮಾಡಿ ಇನ್ನೊಮ್ಮೆ ಕೇಳಿದೆ.
ಇನ್ನೊಮ್ಮೆಯೂ ಅದನ್ನೇ ಅಂದಳು.

ಹಳೇಬೀಡಿನಲ್ಲಿ ನಾನು ಒಳಗೆ ಹೋಗುವವನಲ್ಲ.
ಮರದ ನೆರಳಿಗೆ ಗಾಡಿ ತಳ್ಳಿ
ಮುಖಕ್ಕೆ ಟವೆಲು ಹೊದ್ದು ಮಲಗುವವನು, ಹದಿನಾರು ವರ್ಷದಿಂದ.
ಬಾ ಎಂದು ಕೈ ಬೀಸಿದಳು. ಹೋದೆ.
ಗೋಡೆಯ ಬುಡದಲ್ಲಿ ಆನೆಗಳು
ಅಷ್ಟೂ ದೇವರನ್ನು ಬೆನ್ನಮೇಲೆ ಹೊತ್ತು ಹೊರಟೇ ಇವೆ.
ಒಂದರ ಸೊಂಡಿಲು ಮುಕ್ಕಾಗಿತ್ತು. ಅಲ್ಲೇ ಬೆರಳಿಟ್ಟು ನಿಂತಳು.
ಇದನ್ನು ಪೂರ್ತಿ ಮುಗಿಸಲೇ ಇಲ್ಲವಂತೆ, ಅಂದೆ,
ನನ್ನ ಮುರುಕು ಇಂಗ್ಲಿಷಿನಲ್ಲಿ.
ಒಳ್ಳೆಯದೇ, ಅಂದಳು, ತನ್ನ ಮುರುಕಿನಲ್ಲಿ,
ಮುಗಿದರೆ ಕೆಲಸದವರು ಮನೆಗೆ ಹೋಗಿಬಿಡುತ್ತಾರೆ.

ಊರಿಗೆ ಮರಳಿ ಹಾಸನಾಂಬೆಯ ಗುಡಿ.
ಬಾಗಿಲು ಹಾಕಿತ್ತು. ಹಾಕಿಯೇ ಇರುತ್ತದೆ.
ಆಶ್ವೀಜದಲ್ಲಿ ತೆಗೆದರೆ ಎಣಿಸಿ ಕೆಲವೇ ದಿನ,
ಮಿಕ್ಕಂತೆ ಒಳಗೆ ದೀಪ, ಹೊರಗೆ ನಾವು.
ಉರಿಯುವುದನ್ನು ನೋಡಿದ್ದೀಯಾ?
ಏಳು ಗಂಟೆ ಸಾಲಿನಲ್ಲಿ ನಿಂತು
ಎರಡು ಕ್ಷಣ ನೋಡಿದ್ದೇನೆ, ಹಿಂದಿನವನ ಮೊಣಕೈ ಸಮೇತ.

ನಕ್ಕಳು. ಅವಳೂರಲ್ಲೊಂದು ಹಳೇ ಕಟ್ಟಡ,
ಡಚ್ಚರ ಕಾಲದ ರೈಲು ಕಂಪನಿಯದು,
ಸಾವಿರ ಬಾಗಿಲು ಅಂತಲೇ ಹೆಸರು.
ಸಾವಿರ ಇವೆಯಾ?
ಇಲ್ಲ. ಚಿಕ್ಕವಳಿದ್ದಾಗ ಎಣಿಸಲು ಹೋಗಿ
ಪ್ರತಿ ಸಲವೂ ಹಸಿವಾಗಿ ಹೊರಬಂದೆ.
ಅಪ್ಪ ಕೊಡಿಸುತ್ತಿದ್ದ, ಎಣ್ಣೆಯಲ್ಲಿ ಕರಿದ ಸುರುಳಿ,
ಒಳಗೆ ತುಂಬಿ... ಆ ಪದ ಸಿಗಲಿಲ್ಲ ಅವಳಿಗೆ.
ಮೊಳಕೆ ಅಂದಳು. ಕೈಯನ್ನು ಆಟೋದ ಟಾಪಿನವರೆಗೆ ಏರಿಸಿದಳು.
ಕಬ್ಬಾ? ಅಲ್ಲ. ಬಾಳೆದಿಂಡಾ? ಅಲ್ಲ.

ಟೀ ಕುಡಿಸೋಣವೆಂದು ಕಟ್ಟಿನಕೆರೆಗೆ ಬಿಟ್ಟೆ.
ಕೊಡವಿದ ಕೊತ್ತಂಬರಿಯಿಂದ ಹಾರುವ ನೀರು,
ಒಣಮೀನಿನ ಮಂಕರಿ, ಕೂಗು, ಕೆಸರು.
ಆಲೂಗಡ್ಡೆಯೊಂದನ್ನೆತ್ತಿ ಮಣ್ಣುಜ್ಜಿ
ನಾಲಗೆ ನೋಡುವ ಡಾಕ್ಟರಂತೆ ನೋಡಿ ಇಟ್ಟಳು.
ಏನೂ ಹೇಳಲಿಲ್ಲ. ಅಂಗಡಿಯವನಿಗೆ ಹೋದ ಜೀವ ಬಂತು.
ಆಮೇಲೆ ಓಡಿದಳು.

ಬಾಳ್ಳುಪೇಟೆ ಕಡೆಯ ದ್ಯಾವಮ್ಮ
ಗೋಣಿತಾಟಿನ ಮೇಲೆ ಹರಡಿಕೊಂಡಿದ್ದಳು ಕಳಲೆ,
ಸಿಪ್ಪೆ ಸುಲಿದ, ಹಾಲುಹಲ್ಲಿನ ಬಣ್ಣದ ಕಳಲೆ.
ಇದು! ಇದು! ಕನ್ನಡದಲ್ಲೇ ಕೂಗಿದಳು,
ಹತ್ತು ದಿನದಲ್ಲಿ ಕಲಿತ ನಾಲ್ಕು ಮಾತಿನಲ್ಲಿ ಒಂದು.
ಮೂಗಿಗೆ ಹಿಡಿದು ನಿಂತೇಬಿಟ್ಟಳು.
ಕೆನ್ನೆ ಒದ್ದೆಯಾಗಿತ್ತು.
ಆ ತಗಡಿನ ಮಾಡಿಗೆ ತೂತು ಬಹಳ.

ಎಳೇದಾಗಿ ಹೆಚ್ಚು ಕಣವ್ವ, ಅಂದಳು ದ್ಯಾವಮ್ಮ ದುಡ್ಡೆಣಿಸುತ್ತ,
ಮೂರು ದಿನ ನೆನೆಹಾಕು, ದಿನಾ ನೀರು ಚೆಲ್ಲು,
ಇಲ್ಲಾಂದ್ರೆ ನಂಜು.
ನಾನು ಮೂರು ಬೆರಳು ತೋರಿಸಿದೆ.
ಅವಳು ಎರಡು ತೋರಿಸಿದಳು. ನಾಡಿದ್ದು ವಿಮಾನ.

ಪೊಟ್ಟಣ ನನ್ನ ಸೀಟಿನ ಕೆಳಗೆ ಬಂತು.
ಬರೆಯಲು ಕಾಗದವಿಲ್ಲ, ಗಾಜಿನ ರಟ್ಟನ್ನೇ ಕಿತ್ತುಕೊಟ್ಟೆ.
ಹಿಂಬದಿಯಲ್ಲಿ ಚಿತ್ರ ಬರೆದಳು:
ಮೊಟ್ಟೆ, ಸೀಗಡಿ, ಬೆಲ್ಲದ ಒಂದು ಚೂರು,
ಸುತ್ತುವುದು ಹೀಗೆಂದು ಒಂದು ಬಾಣ.

ರಟ್ಟು ಈಗ ಅಡುಗೆಮನೆಯಲ್ಲಿದೆ,
ಬೇಲೂರು ಗೋಡೆಗೆ ಮುಖ ಮಾಡಿಕೊಂಡು.
ಹೆಂಡತಿ ನೀರು ಬದಲಿಸಿದಳು,
ಯಾರು ಈ ವಿದ್ಯಾವತಿ ಎಂದು ದಿನಕ್ಕೊಮ್ಮೆ ಕೇಳುತ್ತ.
ಮೂರನೆಯ ಸಂಜೆ ಅಕ್ಕಿರೊಟ್ಟಿಯಲ್ಲಿ ಸುತ್ತಿ ತಿಂದೆವು.
ಅಷ್ಟೊತ್ತಿಗೆ ಅವಳು ಊರು ಸೇರಿರಬೇಕು.

ನಾಲಗೆಯ ತುದಿಗೆ ಚೂರು ಕಹಿ ತಾಗಿತು.
ಇನ್ನೊಂದು ನೀರು ಬೇಕಿತ್ತು ಕಣ್ರೀ,
ಅಂದಳು ಹೆಂಡತಿ.