ಚಕ್ಕುಬಂದಿ

ಶಿಡ್ಲಘಟ್ಟದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ
ಅಮ್ಮನ ಹೆಬ್ಬೆರಳು ಹೊಂದುತ್ತಿಲ್ಲ.
ಗಾಜಿನ ಮೇಲೆ ಒತ್ತಿದಳು: ಕೆಂಪು ದೀಪ.
ಸೆರಗಿಗೆ ಒರೆಸಿ ಒತ್ತಿದಳು: ಕೆಂಪು.
"ಎಡಗೈ ಕೊಡಮ್ಮ" ಎಂದ ಕಂಪ್ಯೂಟರಿನ ಹುಡುಗ,
"ಏನು ಕೆಲ್ಸ ನಿಂದು?"

ಇಪ್ಪತ್ತಾರು ವರ್ಷ ರೀಲಿಂಗು.
ಕುದಿವ ಬಾಣಲೆಗೆ ಬೆರಳದ್ದಿ
ಗೂಡಿನ ಎಳೆಯ ತುದಿ ಹುಡುಕುವುದು.
ಗೆರೆಗಳು ಒಂದೊಂದಾಗಿ
ಆ ನೀರಿಗೇ ಬಿಟ್ಟುಕೊಂಡಿವೆ.

ದೊಡ್ಡಮಾವ ಆಂಜಿನಪ್ಪ ಗಡಿಯಾರ ನೋಡಿದ.
ಚಿಕ್ಕಮಾವ ಎದುರಂಗಡಿಗೆ ಓಡಿ
ಕೊಬ್ಬರಿ ಎಣ್ಣೆಯ ಪೊಟ್ಟಣ ತಂದು
ಅಕ್ಕನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು
ಒಂದೊಂದೇ ಬೆರಳಿಗೆ ತಿಕ್ಕಿದ.
ಇಷ್ಟು ಅಕ್ಕರೆಯಿಂದ ಅವನು ಆ ಕೈ ಹಿಡಿದದ್ದನ್ನು
ನಾನು ಕಂಡಿರಲಿಲ್ಲ.

"ನೀನು ಬಿ.ಕಾಂ. ಅಲ್ವೇನೇ, ಸಾಕ್ಷಿ ಹಾಕು."
ಕಾಗದ ನನ್ನತ್ತ ಜಾರಿತು.
ಹಕ್ಕು ಖುಲಾಸೆ ಪತ್ರ.
ಓದು ಬಂದದ್ದಕ್ಕೆ ಸಿಕ್ಕ ಮರ್ಯಾದೆ.

ಮೊನ್ನೆ ಮಹಿಳಾ ದಿನಕ್ಕೆ ಕಾಲೇಜಿನಲ್ಲಿ
ಸಮಾನತೆಯ ಭಾಷಣಕ್ಕೆ ನನಗೆ ಮೊದಲ ಬಹುಮಾನ,
ಒಂದು ಹಾಟ್‌ಬಾಕ್ಸು.
ತಬಸ್ಸುಮ್ ನಕ್ಕು ನಕ್ಕು ಕೆಮ್ಮಿದಳು:
"ಚಪಾತಿ ಬಿಸಿಯಾಗಿರಲಿ, ನೀನು ತಣ್ಣಗಿರು ಅಂತ."
ಆಮೇಲೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ
ಐದು ಜನ ಜಗಳಕ್ಕೆ ಕೂತೆವು.
ಪಾಲು ಕೇಳಿದ್ರೆ ತವರು ಉಳಿಯುತ್ತಾ?
ಕೇಳದೆ ಇದ್ರಷ್ಟೇ ಉಳಿಯೋದು ತವರು ಹೆಂಗಾಯ್ತು?
"ನಿಂಗೇನು, ಹೇಳೋದು ಸುಲಭ" ಎಂದಳು ಶಿಲ್ಪಶ್ರೀ.
"ಸುಲಭಾನಾ? ನಮ್ಮಲ್ಲಿ ಅಣ್ಣಂದರ ಅರ್ಧ ಅಂತಿದೆ.
ನಮ್ಮಮ್ಮಿಗೆ ಆ ಅರ್ಧಾನೂ ಬರ್ಲಿಲ್ಲ."
ಅಷ್ಟರಲ್ಲಿ ಬಸ್ಸು ಬಂತು.

ಓದಿದೆ, ಜೋರಾಗಿ.
"...ನನ್ನ ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ,
ಅರಿಶಿನ ಕುಂಕುಮದ ಬಾಬ್ತು ಪಡೆದು..."
"ಅದೆಲ್ಲ ಇರೋದೇ. ಸೈನು ಹಾಕು."
ಓದಿದೆ.
"ಚಕ್ಕುಬಂದಿ. ಪೂರ್ವಕ್ಕೆ ಮುನಿವೆಂಕಟಪ್ಪನವರ ಜಮೀನು,
ಪಶ್ಚಿಮಕ್ಕೆ ಬಂಡಿದಾರಿ,
ಉತ್ತರಕ್ಕೆ ಸರ್ಕಾರಿ ಕುಂಟೆ,
ದಕ್ಷಿಣಕ್ಕೆ..."

"ಬಾವಿ?"
ಅಮ್ಮ. ಎಣ್ಣೆಗೈ ಗಾಳಿಯಲ್ಲಿ ಹಾಗೇ ನಿಂತಿದೆ.
"ಬಾವಿ ಬರ್ದಿಲ್ವಾ?"
"ಮುಚ್ಸಿ ಆಯ್ತಲ್ಲಕ್ಕ, ಸೈಟು ಮಾಡೋಕೆ."
"ಯಾವಾಗ?"
ಫ್ಯಾನು ತಿರುಗುವ ಸದ್ದು.

"ಅದನ್ನ ತೋಡುವಾಗ ನಾನು ಆರನೇ ಕ್ಲಾಸು.
ಮಣ್ಣು ಹೊರೋಕೆ ಅಂತ ಬಿಡಿಸಿದ್ರು.
ನೀವಿಬ್ರೂ ದಡದ ಮೇಲಿಂದ ಸ್ಲೇಟು ಹಿಡ್ಕೊಂಡು ಹೋಗೋರು.
ಎಷ್ಟು ಮಂಕರಿ ಅಂತ ನೀವೂ ಬರ್ಕೊಂಡಿಲ್ಲ,
ನಾನೂ ಬರ್ಕೊಂಡಿಲ್ಲ."
ಅಳಲಿಲ್ಲ, ಕೂಗಲಿಲ್ಲ.
ಗೂಡಿನ ಮಾರುಕಟ್ಟೆಯಲ್ಲಿ ರೇಟು ಕೇಳುವ ದನಿ.

ನಾನು ಪೆನ್ನಿಗೆ ಮುಚ್ಚಳ ಹಾಕಿದೆ.
ಭಾಷಣದ ಒಂದು ಸಾಲೂ ನೆನಪಾಗಲಿಲ್ಲ.
"ಅಮ್ಮಂಗೆ ಇಷ್ಟ ಅಂತ ಇಲ್ಲಿ ಬರ್ದಿದೆ.
ಅದನ್ನ ನಾನು ನೋಡಿಲ್ಲ ಮಾವ.
ನೋಡದೆ ಇರೋದಕ್ಕೆ ಸಾಕ್ಷಿ ಹೆಂಗೆ ಹಾಕ್ಲಿ?"
ಅಷ್ಟೇ ಅಂದದ್ದು.
ಮೇಜಿನ ಕೆಳಗೆ ಕಾಲು ನಡುಗುತ್ತಿತ್ತು,
ಪುಣ್ಯಕ್ಕೆ ಮೇಜು ದೊಡ್ಡದು.

"ಸರ್ವರ್ ಡೌನು, ಸೋಮವಾರ ಬನ್ನಿ" ಎಂದ ಹುಡುಗ,
ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು.
ನಿಜಕ್ಕೂ ಡೌನಾಗಿತ್ತೋ ಇಲ್ಲವೋ.

ವಾಪಸ್ ಬಸ್ಸಿನಲ್ಲಿ ಅಮ್ಮನ ಮಡಿಲಿನಲ್ಲಿ
ಬೆಳಿಗ್ಗೆಯೇ ತಮ್ಮಂದಿರು ಉಡಿಗಿಟ್ಟ ಸೀರೆ.
"ಕೊಟ್ಬಿಡೋಣ್ವಾ?" ಎಂದೆ.
ಯಂತ್ರಕ್ಕೆ ಓದಲಾಗದ ಬೆರಳಿನಿಂದ
ಅಂಚನ್ನು ತಿಕ್ಕಿದಳು, ಎರಡು ಸಲ.
"ರೇಷ್ಮೆ ಅಲ್ಲ ಕಣೇ ಇದು."

ಆಮೇಲೆ ಮೇಲೂರು ದಾಟುವವರೆಗೂ ಮಾತಿಲ್ಲ.
ಸೋಮವಾರಕ್ಕೆ ಇನ್ನೂ ಮೂರು ದಿನ.
ತವರಿನಿಂದ ಫೋನು ಬಂದೀತು,
ಬರದೆಯೂ ಇದ್ದೀತು.
ಎರಡರಲ್ಲಿ ಯಾವುದಕ್ಕೆ ಅವಳು ಹೆಚ್ಚು ಹೆದರುತ್ತಾಳೆ
ಎಂದು ಕೇಳಲು ಬಾಯಿ ತೆರೆದೆ.
ಕಿಟಕಿಯ ಪಕ್ಕ ಕೂತವಳು
ಹಿಪ್ಪುನೇರಳೆ ತೋಟಗಳನ್ನು
ಎಣಿಸುತ್ತಿದ್ದಳು.