ಎಡಗಿವಿ

ಸಿಲ್ವೇನಿಯಾ ಅವೆನ್ಯೂದ ಆ ಮನೆಯಲ್ಲಿ ಎಲ್ಲಕ್ಕೂ ಚೀಟಿ:
ಇಸ್ತ್ರಿ ಪೆಟ್ಟಿಗೆಗೆ ಎರಡು ಡಾಲರು,
ಹಿಮ ಬಾಚುವ ಸಲಿಕೆಗೆ ಮೂರು,
ಇದಕ್ಕೆ ಮಾತ್ರ ಎಂಬತ್ತು ಬರೆದು, ಗೀಟು ಹೊಡೆದು, ನಲವತ್ತು ಬರೆದು,
ಅದಕ್ಕೂ ಗೀಟು ಹೊಡೆದು
'ಹೊತ್ತವರಿಗೆ ಬಿಟ್ಟಿ.'
ವ್ಯಾನಿಗೂ ಇಬ್ಬರು ಹುಡುಗರಿಗೂ ತೊಂಬತ್ತು ಕೊಟ್ಟೆ.
ತಲೆಗಿಂತ ಮುಂಡಾಸು ಭಾರ.

ಐದೂವರೆ ಅಡಿ ಅಕ್ರೋಟು ಮರ,
ಈಗಷ್ಟೇ ಎದ್ದು ನಿಂತ ಕರುವಿನವು ಅದರ ಕಾಲು.
ಮುಚ್ಚಳದ ಮೇಲೆ ಒಂದು ಸಂಸಾರ ಕೂತೆದ್ದು ಹೋಗಿದೆ.
ಹೂಕುಂಡ ಬಿಟ್ಟ ಬಿಳಿ ಬಳೆ,
ಟೀವಿಯ ಪಾದ ಒತ್ತಿದ ನಾಲ್ಕು ಗುಣಿ,
ಬಿಸಿಲಿಗೆ ಮಾಸಿದ ಮರದ ನಡುವೆ
ಮಾಸದೆ ಉಳಿದ ಅಂಗೈಯಗಲದ ಚೌಕ.
ಯಾರ ಫೋಟೋ ಇತ್ತೋ ಅಲ್ಲಿ.

ನಮ್ಮ ಬೀದಿಯಲ್ಲಿ ಇಳಿಸುವಾಗ ಎದುರು ಮನೆಯ ಟಿಲ್ಫೋರ್ಡ್
ನಾಯಿಯ ಹಗ್ಗ ಬಿಗಿಹಿಡಿದು ನಿಂತು
ಟೊಪ್ಪಿ ತೆಗೆದು ಎದೆಗಿಟ್ಟುಕೊಂಡರು.
'ಅಯ್ಯೋ ಅಲ್ಲ, ಹಾಡುವ ಪೆಟ್ಟಿಗೆ' ಎಂದೆ.
ತಲೆಯಾಡಿಸಿದರು.
ಟೊಪ್ಪಿ ಮಾತ್ರ ಎದೆಯಲ್ಲೇ ಇತ್ತು.

ಈಗಾಗಲೇ ಎರಡಿವೆ ಮನೆಯಲ್ಲಿ.
ಒಂದರ ಮೇಲೆ ಉಪ್ಪಿನಕಾಯಿ ಜಾಡಿ, ಇನ್ನೊಂದು ಗ್ಯಾರೇಜಿನಲ್ಲಿ ಕಂಬಳಿ ಹೊದ್ದು ಮಲಗಿದೆ.
'ಮೂರನೆಯದಕ್ಕೆ ನನ್ನ ಮಂಚ ಬಿಟ್ಟುಕೊಡಲೇ?'
ಪದ್ಮರಾಜ ಕೇಳಿದ,
ಕೈಯಲ್ಲಿ ಆಗಲೇ ಅಳತೆ ಟೇಪು.

ನಾನು ಟೊಲೀಡೋದ ಗಾಜಿನ ಕಾರ್ಖಾನೆಯವಳು.
ದಿನವಿಡೀ ಹಲಗೆಗಳ ಹಿಂದೆ ದೀಪ ಹಚ್ಚಿ
ಗುಳ್ಳೆ ಹುಡುಕು, ಗೀರು ಹುಡುಕು, ಕೂದಲೆಳೆ ಹುಡುಕು.
ಸಂಜೆಗೆ ಬೇಕು ನನಗೆ
ತಪ್ಪು ಹುಡುಕಬೇಕಿಲ್ಲದ ಒಂದಿಷ್ಟು ಗಾಜು.
ಇದರ ಬೆನ್ನ ಹಲಗೆ ಬಿಚ್ಚಿದರೆ ಏಳು ಬುರುಡೆ;
ಗುಂಡಿ ತಿರುಗಿಸಿದರೆ ಮೊದಲು ಏನೂ ಇಲ್ಲ,
ಆಮೇಲೆ ಬೆಂಕಿಕಡ್ಡಿ ತಲೆಯಷ್ಟು ಕಿತ್ತಳೆ,
ಆಮೇಲೆ ಕಾದ ಧೂಳಿನ ವಾಸನೆ, ಮೇಣದ್ದು,
ಯಾರೋ ಸೇದಿ ಮುಗಿಸಿದ ಸಿಗರೇಟಿನದು.
ಫೋನು ಮುಟ್ಟಿದೊಡನೆ ಹಾಡಿಬಿಡುತ್ತದೆ.
ಇದು ಹಾಡುವ ಮುಂಚೆ ಯೋಚಿಸುತ್ತದೆ.

ಯೋಚಿಸಿತು. ಬಲಗಡೆಯಷ್ಟೇ ಹಾಡಿತು.

ಲಗ್ರಾಂಜ್ ಬೀದಿಯಿಂದ ಕಾಜಿಮಿರ್ ಡ್ರೋಬಿನ್ಸ್ಕಿ ಬಂದ,
ಎಂಬತ್ತೊಂದರ ಮುದುಕ, ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ಯಾರು.
ನೆಲಗಂಬಳಿಯ ಮೇಲೆ ಮಗ್ಗುಲಾಗಿ ಮಲಗಿ ಒಳಗೆ ಟಾರ್ಚು ಬಿಟ್ಟು
'ಎಡಗಿವಿ ಸತ್ತಿದೆ' ಎಂದ.
'ನನಗೂ ಅದೇ ಕಿವಿ. ನೀನು ಎಡಕ್ಕೆ ಕೂತು ಹೇಳು.'
ಕೂತೆ. ಅವನು ಬೆಸೆದ, ನಾನು ಹೇಳಿದೆ:
ಇಲ್ಲ. ಇಲ್ಲ. ಗೊರಗೊರ. ಇಲ್ಲ.
ಮಳೆ ನಿಂತ ಮೇಲಿನ ತೊಟಕು.
ಬಂತು!

ಮುಳ್ಳಿನ ತೋಳಿಗೆ ಯಾರೋ ಟೇಪು ಸುತ್ತಿ
ಒಂದು ಸೆಂಟಿನ ತಾಮ್ರ ಅಂಟಿಸಿದ್ದರು,
ಪ್ಲೇಟು ಎಗರದಿರಲೆಂದು.
'ಭಾರ ಹಾಕಿದರೆ ಹಾಡನ್ನೇ ತಿನ್ನುತ್ತದೆ' ಎಂದು ಕಿತ್ತು
ನನ್ನ ಅಂಗೈಗೆ ಹಾಕಿದ. ಬಿಡಿಗಾಸು, ಇನ್ನೂ ಬೆಚ್ಚಗಿತ್ತು,
ಅಥವಾ ಅವನ ಬೆರಳೇ ಬೆಚ್ಚಗಿದ್ದವೋ.

ಒಳಗೇ ಉಳಿದಿದ್ದ ಪ್ಲೇಟು, ಯಾವುದೋ ಪೋಲ್ಕಾ.
ಮೂರನೇ ಸುತ್ತಿಗೇ ಎಗರಿತು,
ಅದೇ ಎರಡು ಪೆಟ್ಟು, ಅದೇ ಎರಡು ಪೆಟ್ಟು.
ಇಷ್ಟು ವರ್ಷ ಈ ಹಳ್ಳ ದಾಟಿಸಿದ್ದು, ಈ ಹಳ್ಳ ತೋಡಿದ್ದು
ಎರಡೂ ಇದೇ ಕಾಸು.
ನಾನು ಅವನ ಮುಖ ನೋಡಿದೆ, ಅವನು ಚಾವಣಿ ನೋಡಿದ.
ಮರಳಿ ಅಂಟಿಸಿದೆ. ಇದೊಂದು ಪ್ಲೇಟಿಗೆ ಮಾತ್ರ.

'ಬರೀ ಡೋಲು ಕೇಳುತ್ತದೆ ನನಗೆ,' ಎಂದ. 'ಎಡಕ್ಕೆ ಏನಿದೆ?'
'ಅಕಾರ್ಡಿಯನ್.'
'ಒಂದೋ, ಎರಡೋ?'
'ಎರಡು. ಜಗಳವಾಡುತ್ತಿವೆ.'

ಮುದುಕ ಎದ್ದ. ಕುರ್ಚಿ ಎತ್ತಿ
ಪೆಟ್ಟಿಗೆಗೆ ಬೆನ್ನು ಮಾಡಿ ಇಟ್ಟು ಕೂತ,
ಗೋಡೆಗೆ ಮುಖ, ಬಲಗಿವಿ ಎಡದ ಬಾಗಿಲಿಗೆ.
ಪದ್ಮರಾಜ ಚಹಾ ತಂದವನು ಬಾಗಿಲಲ್ಲೇ ನಿಂತ.
ಖಾಲಿ ಗೋಡೆಯನ್ನೇ ನೋಡುತ್ತ
ಡ್ರೋಬಿನ್ಸ್ಕಿಯ ಒಂದು ಬೂಟು
ತಡವಾಗಿ, ಆಮೇಲೆ ಸರಿಯಾಗಿ
ತಾಳ ಹಾಕತೊಡಗಿತ್ತು.